ಮುಚ್ಚಳ ತೆಗೆಯಬಾರದ ಅರ್ಧ ಗಂಟೆ

ನಿಂಬೆಹಣ್ಣಿಗೆ ಕನ್ನಡದ ಮನೆಗಳಲ್ಲಿ ಇರುವಷ್ಟು ಕೆಲಸ ಬೇರೆ ಯಾವ ಹಣ್ಣಿಗೂ ಇಲ್ಲ. ಬೆಳಿಗ್ಗೆ ಚಿತ್ರಾನ್ನಕ್ಕೆ ಅದು ಬೇಕು, ಮಧ್ಯಾಹ್ನ ಬಿಸಿಲಿನಿಂದ ಬಂದವರ ಪಾನಕಕ್ಕೂ ಅದೇ ಬೇಕು. ಹೊಸ ಸ್ಕೂಟರ್ ತಂದರೆ ಗಾಲಿಯ ಕೆಳಗೆ ಅದು, ಅಂಗಡಿಯ ಬಾಗಿಲಲ್ಲಿ ಮೆಣಸಿನಕಾಯಿಯ ಜೊತೆ ಅದು, ಹಿರಿಯರನ್ನು ನೋಡಲು ಹೊರಟವರ ಕೈಯಲ್ಲೂ ಅದು. ಉಪ್ಪಿನಕಾಯಿ ಜಾಡಿಯಲ್ಲಿ ವರ್ಷಗಟ್ಟಲೆ ಕೂರುವುದೂ ಅದೇ. ಆದರೆ ಈ ಹಣ್ಣು ಕೇಕಿನೊಳಗೂ ಹೋಗುತ್ತದೆ ಎಂದರೆ ಮಾತ್ರ ಹಳಬರ ಮುಖ ಹುಳ್ಳಗಾಗುತ್ತದೆ.

2025ರ ಬೇಸಿಗೆಯಲ್ಲಿ ಹಾಸನದ ಒಂದು ಮನೆಯಲ್ಲಿ ಅಜ್ಜಿಯ ಮುಖ ಹೀಗೆಯೇ ಆಯಿತು. ಏಳನೇ ತರಗತಿ ಮುಗಿಸಿದ್ದ ಮೊಮ್ಮಗಳು ತನ್ನ ಹುಟ್ಟುಹಬ್ಬಕ್ಕೆ ಎರಡು ಪದರದ ನಿಂಬೆಹಣ್ಣಿನ ಕೇಕೇ ಬೇಕೆಂದು ಹಟ ಹಿಡಿದಿದ್ದಳು. ಮೊಬೈಲಿನಲ್ಲಿ ಅದರ ಚಿತ್ರ ನೋಡಿದ್ದಳು. ಊರಿನ ತುಂಬ ಬೇಕರಿಗಳಿದ್ದರೂ ಅಲ್ಲಿ ಸಿಗುವುದು ಜೇನಿನ ಕೇಕು, ಅನಾನಸಿನ ಕೇಕು. "ನಾನು ಮಾಡ್ತೀನಿ ಬಿಡು" ಎಂದವನು ಅವಳ ಅಣ್ಣ. ಅವನು ದ್ವಿತೀಯ ಪಿಯುಸಿ ವಿಜ್ಞಾನದ ಪರೀಕ್ಷೆ ಬರೆದು ಮೂರು ದಿನವಾಗಿತ್ತು.

"ಸಿಇಟಿ ಇಟ್ಟುಕೊಂಡು ಹಿಟ್ಟು ಕಲಸ್ತಾನಂತೆ" ಎಂದರು ಅಪ್ಪ. ಅವರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಮಗನ ರಸಾಯನಶಾಸ್ತ್ರದ ಮೇಲೆ ಅವರಿಗೆ ಮೊದಲಿನಿಂದಲೂ ಅನುಮಾನ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಬಂದ 41 ಅಂಕವನ್ನು ಅವರು ಮರೆತಿರಲಿಲ್ಲ, ಮಗನಿಗೆ ಮರೆಯಲು ಬಿಟ್ಟಿರಲೂ ಇಲ್ಲ. ಅಮ್ಮ ಮಾತ್ರ, "ಭಾನುವಾರ ಒಂದು ಗಂಟೆ ತಾನೇ ರೀ" ಎಂದು ಹಳೆಯ ಐದು ಲೀಟರಿನ ಕುಕ್ಕರ್ ಇಳಿಸಿ ಕೊಟ್ಟರು.

ಆ ಮನೆಯಲ್ಲಿ ಓವನ್ ಇಲ್ಲ. ಇಲ್ಲದಿದ್ದರೂ ನಡೆಯುತ್ತದೆ. ಕುಕ್ಕರಿನ ತಳಕ್ಕೆ ಎರಡು ಬೆರಳು ದಪ್ಪ ಉಪ್ಪು ಹರಡಿ, ಮೇಲೊಂದು ತಟ್ಟೆ ಕವುಚಿ, ಮುಚ್ಚಳದ ರಬ್ಬರನ್ನೂ ವಿಷಲ್ಲನ್ನೂ ತೆಗೆದಿಟ್ಟು, ನೀರು ಹಾಕದೆ ಹತ್ತು ನಿಮಿಷ ಕಾಯಿಸಿದರೆ ಅದೇ ಓವನ್. ಮನೆಗೆ ಮೊಟ್ಟೆ ತರುವಂತಿರಲಿಲ್ಲ. ಅದಕ್ಕೂ ದಾರಿಯಿದೆ. ಉಬ್ಬಿಸುವ ಕೆಲಸವನ್ನು ಸೋಡಾಕ್ಕೆ ಬಿಡಬಹುದು.

ಅಡುಗೆ ಸೋಡಾ ಎಂದರೆ ಸೋಡಿಯಂ ಬೈಕಾರ್ಬೊನೇಟ್. ಅದಕ್ಕೆ ಹುಳಿ ತಾಗಿದರೆ ಕಾರ್ಬನ್ ಡೈ ಆಕ್ಸೈಡ್ ಹೊರಬರುತ್ತದೆ. ಆ ಗುಳ್ಳೆಗಳು ಹಿಟ್ಟಿನೊಳಗೆ ಸಿಕ್ಕಿಕೊಂಡು ಶಾಖಕ್ಕೆ ಹಿಗ್ಗಿದಾಗ ಕೇಕು ಏಳುತ್ತದೆ. ಇದನ್ನು ಹುಡುಗ ಹತ್ತನೇ ತರಗತಿಯಿಂದಲೂ ಸಮೀಕರಣದ ಸಮೇತ ಬಾಯಿಪಾಠ ಮಾಡಿದ್ದ. ಆದರೂ ಮಾರ್ಚ್ 23ರ ಭಾನುವಾರ, ಯುಗಾದಿಗೆ ವಾರ ಮುಂಚೆ, ಅವನ ಮೊದಲ ಕೇಕು ಕುಕ್ಕರಿನಿಂದ ಹೊರಬಂದಾಗ ಕೆಂಪಗಿತ್ತು.

ಹಳದಿ ಬಣ್ಣಕ್ಕೆಂದು ಅವನು ಒಂದು ಚಿಟಿಕೆ ಅರಿಶಿಣ ಹಾಕಿದ್ದ. ಹಾಲಿನಲ್ಲಿ ಕಲಸಿದ್ದ, ಪರಿಮಳಕ್ಕೆ ನಿಂಬೆಯ ಸಿಪ್ಪೆ ತುರಿದಿದ್ದ. ಹಾಲು ಒಡೆದೀತೆಂದು ರಸ ಮಾತ್ರ ಹಾಕಿರಲಿಲ್ಲ. ಕೇಕಿನ ಮೈಮೇಲೆಲ್ಲ ಇಟ್ಟಿಗೆಯ ಬಣ್ಣದ ಮಚ್ಚೆಗಳು, ಬಾಯಿಗಿಟ್ಟರೆ ಸಾಬೂನಿನ ರುಚಿ. ತಂಗಿ ಅಳುವುದೋ ನಗುವುದೋ ತಿಳಿಯದೆ ನಿಂತಳು. ಅಪ್ಪ ಪತ್ರಿಕೆಯಿಂದ ತಲೆಯೆತ್ತಿ ನೋಡಿ ಮತ್ತೆ ತಲೆ ತಗ್ಗಿಸಿದರು.

ಉತ್ತರ ಹೇಳಿದ್ದು ಅಜ್ಜಿ. "ಅರಿಶಿಣಕ್ಕೆ ಸುಣ್ಣ ಬಿದ್ರೆ ಓಕುಳಿ ಆಗಲ್ವೇನೋ ಮಗ? ಆರತಿ ತಟ್ಟೆ ನೋಡಿಲ್ವಾ?"

ಹುಡುಗ ಅಜ್ಜಿಯ ಮುಖವನ್ನೇ ನೋಡಿದ. ಸುಣ್ಣ ಕ್ಷಾರ, ಸೋಡಾವೂ ಕ್ಷಾರ. ಅರಿಶಿಣ ಕ್ಷಾರವನ್ನು ಕಂಡರೆ ಕೆಂಪಾಗುವ ಸೂಚಕ. ಪರೀಕ್ಷೆಗೆ ಲಿಟ್ಮಸ್, ಫಿನಾಫ್ತಲಿನ್ ಎಂದು ಉರು ಹೊಡೆದದ್ದು, ಮದುವೆ ಮುಂಜಿಗಳಲ್ಲಿ ಅಜ್ಜಿ ತಟ್ಟೆಯಲ್ಲಿ ಕಲಸುತ್ತಿದ್ದುದು, ಎರಡೂ ಒಂದೇ ಪಾಠ. ಅವನು ಎದ್ದು ಹೋಗಿ ಅರ್ಧ ಹೋಳು ನಿಂಬೆ ತಂದು ಕೆಂಪು ಮಚ್ಚೆಯ ಮೇಲೆ ಹಿಂಡಿದ. ನೋಡನೋಡುತ್ತಿದ್ದಂತೆ ಮಚ್ಚೆ ಹಳದಿಗೆ ತಿರುಗಿತು. ತಂಗಿ ಚಪ್ಪಾಳೆ ತಟ್ಟಿದಳು. ಸೋಡಾ ಅಷ್ಟು ಹೆಚ್ಚಾದದ್ದು ಹೇಗೆಂದು ಹುಡುಕಿದಾಗ ತಪ್ಪು ಚಮಚದಲ್ಲಿತ್ತು. ಟೀ ಚಮಚವೆಂದರೆ 5 ಮಿಲಿಲೀಟರ್, ಟೇಬಲ್ ಚಮಚವೆಂದರೆ 15. ಅವನು ಹಾಕಿದ್ದು ದೊಡ್ಡದು. ಮೂರು ಪಟ್ಟು ಸೋಡಾ, ಅದನ್ನು ತಣಿಸಲು ಹುಳಿಯೇ ಇಲ್ಲ.

ಆ ರಾತ್ರಿ ಅವನು ಖಾಲಿ ಹಾಳೆ ಉಳಿದಿದ್ದ ಹಳೆಯ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆದ. "ಹಾಕಿದ್ದು", "ಆದದ್ದು", "ಮುಂದಿನ ಸಲ". ಯಾರೂ ಹೇಳಿಕೊಟ್ಟಿರಲಿಲ್ಲ.

ಎರಡನೆಯ ಕೇಕಿಗೆ ಏಪ್ರಿಲ್ 6ರ ಭಾನುವಾರ ಸಿಕ್ಕಿತು. ಅಂದು ರಾಮನವಮಿ. ಬೇಸಿಗೆಯಲ್ಲಿ ನಿಂಬೆಹಣ್ಣಿಗೆ ಬೆಲೆ ಏರುವುದು ಎಲ್ಲರಿಗೂ ಗೊತ್ತಿದ್ದದ್ದೇ. ಪಾನಕಕ್ಕೆಂದು ಎಣಿಸಿ ತಂದಿದ್ದರಲ್ಲಿ ನಾಲ್ಕು ಕಾಣೆಯಾದಾಗ ಅಜ್ಜಿ ಗೊಣಗಿದರು. ಈ ಸಲ ಹಾಲಿನ ಬದಲು ಗಟ್ಟಿ ಮೊಸರು. ಸಿಪ್ಪೆಯನ್ನು ಸಕ್ಕರೆಯೊಂದಿಗೆ ಬೆರಳಿನಲ್ಲಿ ಉಜ್ಜಿದ. ನಿಂಬೆಯ ಹುಳಿ ಇರುವುದು ರಸದಲ್ಲಾದರೂ ಪರಿಮಳವಿರುವುದು ಸಿಪ್ಪೆಯ ಎಣ್ಣೆಯಲ್ಲಿ. ಸಕ್ಕರೆಯ ಹರಳಿಗೆ ಉಜ್ಜಿದಾಗ ಆ ಎಣ್ಣೆ ಬಿಡುತ್ತದೆ. ನಮ್ಮ ಕಡೆಯ ನಿಂಬೆಗೆ ಸಿಪ್ಪೆ ತೆಳು. ತುರಿಯುವ ಕೈ ಸ್ವಲ್ಪ ಒತ್ತಿದರೂ ಬಿಳಿಯ ಭಾಗ ಬಂದು ಕಹಿಯಾಗುತ್ತದೆ. ಇದೂ ಅವನ ಪುಸ್ತಕ ಸೇರಿತು.

ಕೇಕು ಎದ್ದಿತು. ಚೆನ್ನಾಗಿಯೇ ಎದ್ದಿತು. ಅದನ್ನು ನೋಡುವ ಆಸೆಗೆ ಅವನು ಹತ್ತನೇ ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದ, ತಂಗಿಗೆ ತೋರಿಸಲು ಹದಿನೈದನೇ ನಿಮಿಷಕ್ಕೆ ಇನ್ನೊಮ್ಮೆ ತೆಗೆದ. ಕೆಳಗಿಳಿಸಿದಾಗ ನಡುವೆ ಬಾವಿಯಂತೆ ಕುಸಿದಿತ್ತು. ಗುಳ್ಳೆಗಳ ಸುತ್ತಲಿನ ಹಿಟ್ಟು ಬೆಂದು ಗಟ್ಟಿಯಾಗುವ ಮೊದಲೇ ತಣ್ಣನೆಯ ಗಾಳಿ ಹೊಕ್ಕರೆ ಗುಳ್ಳೆ ಕುಗ್ಗುತ್ತದೆ, ಮೇಲಿನ ಭಾರಕ್ಕೆ ಎಲ್ಲ ಕೂರುತ್ತದೆ. ನಡುವೆ ಹಚ್ಚಲು ಮಾಡಿದ ನಿಂಬೆಯ ಕೆನೆಯೂ ನೀರಾಗಿತ್ತು. ಕಾರ್ನ್‌ಫ್ಲೋರಿನ ಜೊತೆಯಲ್ಲೇ ನಿಂಬೆರಸ ಹಾಕಿ ಕುದಿಸಿದ್ದ. ಹುಳಿಯಲ್ಲಿ ಹೆಚ್ಚು ಹೊತ್ತು ಕುದಿದರೆ ಪಿಷ್ಟ ಒಡೆದು ತೆಳ್ಳಗಾಗುತ್ತದೆ. "ಮುಂದಿನ ಸಲ: ಮೊದಲು ಗಟ್ಟಿ ಮಾಡಿ, ಒಲೆಯಿಂದ ಇಳಿಸಿದ ಮೇಲೆ ರಸ. 30 ನಿಮಿಷ ಮುಚ್ಚಳ ಮುಟ್ಟಬಾರದು."

ಮೊಟ್ಟೆಯಿಲ್ಲದ ಈ ಕೆನೆಯ ಹಿಂದೆ ಒಂದು ಹಳೆಯ ಕಥೆಯಿದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಆಲ್‌ಫ್ರೆಡ್ ಬರ್ಡ್ ಎಂಬ ಔಷಧ ತಯಾರಕನಿದ್ದ. ಅವನ ಹೆಂಡತಿಗೆ ಮೊಟ್ಟೆಯೂ ಆಗದು, ಯೀಸ್ಟೂ ಆಗದು. ಅವಳಿಗಾಗಿ 1837ರಲ್ಲಿ ಕಾರ್ನ್‌ಫ್ಲೋರಿನಿಂದ ಕಸ್ಟರ್ಡ್ ಪುಡಿ ಮಾಡಿದ, 1843ರಲ್ಲಿ ಯೀಸ್ಟಿಲ್ಲದೆ ಉಬ್ಬಿಸುವ ಬೇಕಿಂಗ್ ಪೌಡರ್ ಮಾಡಿದ. ಮನೆಯವರೊಬ್ಬರ ಊಟಕ್ಕೆಂದು ಮಾಡಿದ್ದು ಲೋಕಕ್ಕೆಲ್ಲ ಉಪಯೋಗಕ್ಕೆ ಬಂತು. ಹುಡುಗ ಇದನ್ನು ಓದಿ ಅಜ್ಜಿಗೆ ಹೇಳಿದ. "ಹೆಂಡತಿ ಪುಣ್ಯವಂತೆ" ಎಂದರು ಅಜ್ಜಿ.

ಏಪ್ರಿಲ್ 8ರ ಮಂಗಳವಾರ ಪಿಯುಸಿ ಫಲಿತಾಂಶ ಬಂತು. ಹುಡುಗ ಪಾಸಾಗಿದ್ದ. ರಸಾಯನಶಾಸ್ತ್ರದಲ್ಲಿ 48.

ಇಂಥ ದಿನ ಮನೆಗಳಲ್ಲಿ ಏನು ನಡೆಯುತ್ತದೆಂದು ಯಾರಿಗೂ ವಿವರಿಸಬೇಕಾಗಿಲ್ಲ. ಫೋನು ಬಡಿದುಕೊಳ್ಳುತ್ತದೆ. ವರ್ಷವಿಡೀ ಸುದ್ದಿಯಿಲ್ಲದ ನೆಂಟರಿಗೆ ಆವತ್ತೇ ನೆನಪಾಗುತ್ತದೆ. ತಟ್ಟೆ ಲೋಟಗಳ ಸದ್ದು ಹೆಚ್ಚಾಗುತ್ತದೆ, ಮಾತು ಕಡಿಮೆಯಾಗುತ್ತದೆ. ಅಪ್ಪ ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು ಎನಿಸುವಷ್ಟು ಮೌನವಾಗಿದ್ದರು. ತಂಗಿ ಹುಟ್ಟುಹಬ್ಬದ ಮಾತೆತ್ತಲಿಲ್ಲ. ಹುಡುಗ ಕೋಣೆಯಿಂದ ಹೊರಗೆ ಬರಲಿಲ್ಲ. ಕುಕ್ಕರ್ ಮತ್ತೆ ಅಟ್ಟ ಸೇರಿತು.

ಶುಕ್ರವಾರ ರಾತ್ರಿ ಅಪ್ಪ ಏನೋ ರಸೀದಿ ಹುಡುಕುತ್ತ ಆ ನೋಟ್‌ಬುಕ್ ತೆರೆದರು. ಮೊದಲು ಸಿಟ್ಟು ಬಂತು. ಪಾಠದ ಪುಸ್ತಕದಲ್ಲಿ ಕೇಕು! ಆಮೇಲೆ ನಿಂತಲ್ಲೇ ಓದಿದರು. ಎಷ್ಟು ಗ್ರಾಂ, ಎಷ್ಟು ನಿಮಿಷ, ಯಾವ ಬಣ್ಣ, ಏಕೆ ಹಾಗಾಯಿತು, ಯಾವುದೊಂದನ್ನು ಮಾತ್ರ ಬದಲಾಯಿಸಬೇಕು, ಎಲ್ಲ ಇತ್ತು. ಕಚೇರಿಯಲ್ಲಿ ಮೂವತ್ತು ವರ್ಷ ಕಡತ ಬರೆದವರಿಗೆ ಒಳ್ಳೆಯ ಕಡತ ಯಾವುದೆಂದು ಗೊತ್ತಾಗುತ್ತದೆ. ಹುಡುಗನ ಪ್ರಾಯೋಗಿಕ ಪರೀಕ್ಷೆಯ ರೆಕಾರ್ಡ್ ಪುಸ್ತಕವನ್ನೂ ಅವರು ಹಿಂದೆ ನೋಡಿದ್ದರು. ಅದರಲ್ಲಿ ಎಲ್ಲ ಪ್ರಯೋಗಗಳೂ ಸರಿಯಾಗಿದ್ದವು, ಏಕೆಂದರೆ ಅದನ್ನು ಇನ್ನೊಬ್ಬನ ಪುಸ್ತಕ ನೋಡಿ ಬರೆದಿದ್ದ. ಇದರಲ್ಲಿ ಎರಡೂ ತಪ್ಪಾಗಿದ್ದವು, ಎರಡೂ ಅವನವೇ.

ಅಂಕಪಟ್ಟಿಯಲ್ಲಿರುವುದು "ಆದದ್ದು" ಎಂಬ ಕಾಲಂ ಒಂದೇ. "ಹಾಕಿದ್ದು" ಎಷ್ಟೆಂದು ಅದು ಕೇಳುವುದಿಲ್ಲ, "ಮುಂದಿನ ಸಲ" ಎಂಬುದು ಅದರಲ್ಲಿ ಇಲ್ಲವೇ ಇಲ್ಲ. ಅದನ್ನು ಎಳೆಯಬೇಕಾದವರು ಮನೆಯವರು. ಎಳೆಯುವ ಬದಲು ಹೆಚ್ಚಿನ ತಂದೆ ತಾಯಿಯರು ಮುಚ್ಚಳ ತೆಗೆದು ತೆಗೆದು ನೋಡುತ್ತಾರೆ. ಓದಿದೆಯಾ, ಎಷ್ಟು ಓದಿದೆ, ಪಕ್ಕದ ಮನೆಯವನಿಗೆ ಎಷ್ಟು ಬಂತು? ಕಾಳಜಿಯಿಂದಲೇ ನೋಡುತ್ತಾರೆ, ನಿಜ. ಕೇಕನ್ನು ಇಣುಕಿದ ಹುಡುಗನಿಗೂ ಅದರ ಮೇಲೆ ಇದ್ದದ್ದು ಪ್ರೀತಿಯೇ.

ಶನಿವಾರ ಸಂಜೆ ಅಪ್ಪ ಎಂಟು ನಿಂಬೆಹಣ್ಣು ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟರು. ಏನೂ ಹೇಳಲಿಲ್ಲ. ಅಮ್ಮ ಆ ರಾತ್ರಿ ಒಂದು ಪಾತ್ರೆ ಹೆಚ್ಚಿಗೆ ಹಾಲಿಗೆ ಹೆಪ್ಪು ಹಾಕಿದರು.

ಏಪ್ರಿಲ್ 13ರಂದು ಮಾಡಿದ ಕೇಕಿನ ಲೆಕ್ಕ ಆ ಪುಸ್ತಕದಲ್ಲಿ ಹೀಗಿದೆ. ಆರು ಅಂಗುಲದ ಡಬ್ಬಿಯಲ್ಲಿ ಒಂದು ಪದರಕ್ಕೆ ಮೈದಾ 150 ಗ್ರಾಂ, ಸಕ್ಕರೆ 125 ಗ್ರಾಂ, ಮೊಸರು 150 ಮಿಲಿಲೀಟರ್, ಎಣ್ಣೆ 75 ಮಿಲಿಲೀಟರ್, ಬೇಕಿಂಗ್ ಪೌಡರ್ 1 ಟೀ ಚಮಚ, ಸೋಡಾ ಕಾಲು ಟೀ ಚಮಚ, ಎರಡು ನಿಂಬೆಯ ಸಿಪ್ಪೆ, ಒಂದು ಟೇಬಲ್ ಚಮಚ ರಸ. ಹಿಟ್ಟು ಹಾಕಿದ ಮೇಲೆ ಹೆಚ್ಚು ತಿರುವಬಾರದು, ತಿರುವಿದರೆ ಜಿಗುಟಾಗಿ ಕೇಕು ಗಟ್ಟಿಯಾಗುತ್ತದೆ. ಕುಕ್ಕರಿನಲ್ಲಿ ಹಿಡಿಸುವುದು ಒಂದೇ ಡಬ್ಬಿ. ಹುಳಿ ಸೇರಿದ ಸೋಡಾ ಕಾಯುವುದಿಲ್ಲವಾದ್ದರಿಂದ ಎರಡನೆಯ ಪದರಕ್ಕೆ ಕಲಸುವುದು ಮೊದಲನೆಯದು ಇಳಿದ ಮೇಲೆಯೇ. ಸಣ್ಣ ಉರಿ. 30 ನಿಮಿಷ ಯಾರೂ ಮುಚ್ಚಳ ಮುಟ್ಟುವಂತಿಲ್ಲ. ಆಮೇಲೆ ಕಡ್ಡಿ ಚುಚ್ಚಿ ನೋಡಬೇಕು. ಹಿಟ್ಟು ಅಂಟದಿದ್ದರೆ ಆಯಿತು, ಅಂಟಿದರೆ ಇನ್ನೂ ಐದೈದು ನಿಮಿಷ.

ನಡುವಿನ ಕೆನೆಗೆ 200 ಮಿಲಿಲೀಟರ್ ನೀರಿಗೆ 100 ಗ್ರಾಂ ಸಕ್ಕರೆ, 3 ಟೇಬಲ್ ಚಮಚ ಕಾರ್ನ್‌ಫ್ಲೋರ್ ಕದಡಿ ಸ್ಟೀಲ್ ಪಾತ್ರೆಯಲ್ಲಿ ಗಟ್ಟಿಯಾಗುವವರೆಗೆ ಕುದಿಸಿ, ಇಳಿಸಿದ ಮೇಲೆ 25 ಗ್ರಾಂ ಬೆಣ್ಣೆ, 60 ಮಿಲಿಲೀಟರ್ ನಿಂಬೆರಸ. ಅಲ್ಯೂಮಿನಿಯಂ ಪಾತ್ರೆ ಹುಳಿಗೆ ಆಗದು. ಪದರಗಳು ಪೂರ್ತಿ ಆರಿದ ಮೇಲಷ್ಟೇ ಕೆನೆ ಹಚ್ಚಬೇಕು, ಬಿಸಿಯಿದ್ದರೆ ಮೇಲಿನದು ಜಾರುತ್ತದೆ.

ಮೇಲೆ ಅಲಂಕಾರಕ್ಕೆ ಸಕ್ಕರೆಪುಡಿಯ ಗುಲಾಬಿ ಮಾಡೋಣವೆಂದು ತಂಗಿ ಕೇಳಿದಳು. "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು" ಎಂದರು ಅಜ್ಜಿ. ಸಕ್ಕರೆಪುಡಿಯನ್ನು ಜರಡಿಯಲ್ಲಿ ಉದುರಿಸಿದ್ದಷ್ಟೇ. ಆದರೆ ಎರಡನೆಯ ತುಂಡನ್ನು ಕೇಳಿ ಹಾಕಿಸಿಕೊಂಡವರೂ ಅಜ್ಜಿಯೇ.

ತಿಂದ ಮೇಲೆ ಹುಡುಗನೇ ಮಾತು ತೆಗೆದ. "ಅಪ್ಪ, ಕೆಮಿಸ್ಟ್ರಿ ಪರೀಕ್ಷೆ-2 ಬರೀತೀನಿ." ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯುವ ಈ ಅವಕಾಶ 2024ರಲ್ಲಿ ಬಂದದ್ದು. 2025ರಲ್ಲಿ ಪರೀಕ್ಷೆ-2 ಏಪ್ರಿಲ್ 24ಕ್ಕೆ ಶುರುವಾಗುವುದಿತ್ತು. ನಡುವೆ ಸಿಇಟಿ. ಅಪ್ಪ, "ಎಷ್ಟು ತೆಗೀತೀಯ?" ಎಂದು ಕೇಳಲು ಬಾಯಿ ತೆರೆದು, "ಯಾವ ಪಾಠ ಕೈಕೊಟ್ಟಿತು?" ಎಂದು ಕೇಳಿದರು. ಹುಡುಗ ಲೆಕ್ಕ ಹಾಕಿ ಹೇಳಿದ. ಮೂರು ಪಾಠ.

ಆಮೇಲೆ ಮಾತು ಮುಂದಿನ ಓದಿಗೆ ಬಂತು. ಎಂಜಿನಿಯರಿಂಗ್ ಎಂಬ ಒಂದೇ ಶಬ್ದ ಇದ್ದ ಮನೆಯಲ್ಲಿ ಆಹಾರ ತಂತ್ರಜ್ಞಾನ ಎಂಬ ಇನ್ನೊಂದು ಶಬ್ದ ಮೊದಲ ಬಾರಿಗೆ ಕೇಳಿಸಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಅದರ ಬಿ.ಟೆಕ್ ಇದೆ, ಪ್ರವೇಶ ಸಿಇಟಿಯ ಮೂಲಕವೇ. ಹೆಬ್ಬಾಳದಲ್ಲಿ ಬೇಕರಿ ತರಬೇತಿಯೂ ಇದೆ. ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಹಿಟ್ಟು, ಬೇಕರಿಗಳಿಗೆಂದೇ ಒಂದು ವಿಭಾಗವಿದೆ. ಹುಡುಗ ಅಲ್ಲಿಗೇ ಹೋಗುತ್ತೇನೆಂದೂ ಹೇಳಲಿಲ್ಲ, ಅಪ್ಪ ಬೇಡವೆಂದೂ ಹೇಳಲಿಲ್ಲ. ಹೆಸರುಗಳನ್ನು ಮಾತ್ರ ಒಂದು ಚೀಟಿಯಲ್ಲಿ ಬರೆದುಕೊಂಡರು.

ಅಷ್ಟರಲ್ಲಿ ತಂಗಿ ನೋಟ್‌ಬುಕ್ ಎಳೆದುಕೊಂಡಿದ್ದಳು. ಮೂರನೆಯ ಕೇಕಿನ ಮುಂದೆ "ಮುಂದಿನ ಸಲ" ಎಂಬಲ್ಲಿ ಅಣ್ಣ ಏನೂ ಬರೆದಿರಲಿಲ್ಲ. ಅವಳು ಪೆನ್ಸಿಲಿನಲ್ಲಿ ಬರೆದಳು: "ನಾನು ಮಾಡ್ತೀನಿ."