ಮೇಲೆಯೇ ಇರಬೇಕಾದ ಕಂಬಿ

ಒಂದೇ ಬದಿಯಲ್ಲಿ ಆಧಾರ ಪಡೆದು ಇನ್ನೊಂದು ಬದಿ ಬಯಲಿಗೆ ಚಾಚಿಕೊಂಡಿರುವ ಬಾಲ್ಕನಿ, ಸಜ್ಜಾಗಳಂಥ ರಚನೆಯನ್ನು ಕ್ಯಾಂಟಿಲಿವರ್ ಎನ್ನುತ್ತಾರೆ. ಅದು ಭಾರಕ್ಕೆ ಬಾಗುವಾಗ ಮೇಲ್ಮೈ ಹಿಗ್ಗಿ ಕೆಳಮೈ ಕುಗ್ಗುವುದರಿಂದ, ಅದುಮಿದರೆ ತಾಳುವ ಆದರೆ ಎಳೆದರೆ ಬೇಗ ಬಿರಿಯುವ ಕಾಂಕ್ರೀಟಿನ ನೆರವಿಗೆ ಮುಖ್ಯ ಕಂಬಿಗಳು ಮೇಲ್ಭಾಗದಲ್ಲಿಯೇ ಇರಬೇಕಾಗುತ್ತದೆ. ಕೋಣೆಯ ಚಾವಣಿಯ ನಡುಭಾಗದಲ್ಲಿ ಕಂಬಿ ಕೆಳಗಿರುತ್ತದೆ. ಕ್ಯಾಂಟಿಲಿವರಿನಲ್ಲಿ ಲೆಕ್ಕ ತಲೆಕೆಳಗು. ಕಂಬಿಯ ನಡುವಿನಿಂದ ಚಪ್ಪಡಿಯ ಕುಗ್ಗುವ ಅಂಚಿನವರೆಗಿನ ದೂರಕ್ಕೆ ಪರಿಣಾಮಕಾರಿ ಆಳವೆಂದು ಹೆಸರು. 100 ಮಿ.ಮೀ. ಎಂದು ಲೆಕ್ಕ ಹಾಕಿದ ಆ ಆಳ, ಕಾಂಕ್ರೀಟು ಸುರಿಯುವವರ ಕಾಲ್ತುಳಿತಕ್ಕೆ 75 ಮಿ.ಮೀ.ಗೆ ಇಳಿದರೆ, ಒಂದು ಕಂಬಿಯೂ ಕಡಿಮೆಯಾಗದಿದ್ದರೂ ಬಾಗುವಿಕೆಯನ್ನು ತಡೆಯುವ ಶಕ್ತಿ ಕಾಲುಭಾಗಕ್ಕಿಂತ ಹೆಚ್ಚು ಕುಸಿಯುತ್ತದೆ. ಕಾಂಕ್ರೀಟು ವಿನ್ಯಾಸದ ಭಾರತೀಯ ಮಾನದಂಡವಾದ ಐಎಸ್ 456ರ ಸೂತ್ರಗಳನ್ನು ಎಷ್ಟೇ ನಿಖರವಾಗಿ ಬಳಸಿದ್ದರೂ ಈ ನಷ್ಟ ತುಂಬುವುದಿಲ್ಲ. ಆದ್ದರಿಂದ ಮೇಲಿನ ಕಂಬಿಯನ್ನು ಎತ್ತಿಹಿಡಿಯುವ, ಚೇರ್ ಎಂದು ಕರೆಯಲಾಗುವ ಬಾಗಿಸಿದ ಸರಳುಗಳ ಎತ್ತರ ಮತ್ತು ಅಂತರಗಳು ನಕ್ಷೆಯಲ್ಲಿಯೇ ನಮೂದಾಗಬೇಕು; ಅವನ್ನು ಮೇಸ್ತ್ರಿಯ ಅಂದಾಜಿಗೆ ಬಿಡುವುದೆಂದರೆ ವಿನ್ಯಾಸವನ್ನು ಅರ್ಧಕ್ಕೇ ನಿಲ್ಲಿಸಿದಂತೆ. ಕಾಂಕ್ರೀಟು ಹಾಕುವ ದಿನ ಕಂಬಿಯ ಮೇಲೆ ಓಡಾಡಲು ಹಲಗೆ ಹಾಸುವ ಪದ್ಧತಿಯೂ ಇದೆ; ಅದು ಎಷ್ಟು ಕಡೆ ನಿಜವಾಗಿ ಪಾಲನೆಯಾಗುತ್ತಿದೆ ಎಂಬುದನ್ನು ಕೆಲಸದ ಸ್ಥಳದ ಅನುಭವವುಳ್ಳ ಎಂಜಿನಿಯರರು ಹೇಳಬಹುದೇ?