ಇಬ್ಬರಿಗೆ ಮೂರು ಬಚ್ಚಲು

ದೊಡ್ಡ ಮನೆ ಬೇಕು ಎನ್ನುವ ಆಸೆ ಸ್ವಂತ ಮನೆಯಲ್ಲಿ ಕೂತಿದ್ದಾಗ ಹುಟ್ಟುವುದಿಲ್ಲ. ಇನ್ನೊಬ್ಬರ ಗೃಹಪ್ರವೇಶದಲ್ಲಿ ಹೋಳಿಗೆ ತುಪ್ಪ ಉಂಡು, ತಾಂಬೂಲದ ಚೀಲ ಹಿಡಿದು, ಯಜಮಾನರ ಹಿಂದೆ ಕೋಣೆಯಿಂದ ಕೋಣೆಗೆ ಹೋಗುತ್ತೇವಲ್ಲ, ಆಗ ಹುಟ್ಟುತ್ತದೆ. ಈ ಮೆರವಣಿಗೆಗೂ ಒಂದು ಕ್ರಮವಿದೆ. ಮೊದಲು ದೇವರ ಮನೆ, ಆಮೇಲೆ ಅಡುಗೆಮನೆ, ಅದಕ್ಕಂಟಿದ ಯುಟಿಲಿಟಿ, ಕೊನೆಗೆ ಮಾಸ್ಟರ್ ಬೆಡ್‌ರೂಮು. ಅಲ್ಲಿಗೆ ಹೋದ ಮೇಲೆ ಅಟ್ಯಾಚ್ಡ್ ಬಾತ್‌ರೂಮಿನ ಬಾಗಿಲು ತೆಗೆದು ತೋರಿಸದೆ ಯಾವ ಯಜಮಾನರೂ ಬಿಟ್ಟಿದ್ದನ್ನು ನಾನು ಕಂಡಿಲ್ಲ. ನಮ್ಮ ಅಜ್ಜಿ ಮನೆಯಲ್ಲಿ ಬಚ್ಚಲು ಬಂದವರ ಕಣ್ಣಿಗೆ ಬೀಳದಂತೆ ಹಿತ್ತಿಲ ಮೂಲೆಯಲ್ಲಿತ್ತು. ಈಗ ರೇಷ್ಮೆ ಸೀರೆಯ ಹೆಂಗಸರು, ಪಂಚೆ ಶಲ್ಯದ ಗಂಡಸರು ಸಾಲಾಗಿ ನಿಂತು ಷವರಿಗೆ ತಲೆದೂಗುತ್ತಾರೆ. ನಾನೂ ತೂಗಿದ್ದೇನೆ.

ಅಂಥದೊಂದು ಮನೆಯಿಂದ ಹಿಂತಿರುಗುವಾಗ ಆಟೋದಲ್ಲಿ ನನ್ನ ಹೆಂಡತಿ, "ಆ ಅಡುಗೆಮನೆಗೆ ಎಷ್ಟು ಬೆಳಕು, ನೋಡಿದ್ರಾ?" ಎಂದಳು. ನಾನು ಸುಮ್ಮನಿದ್ದೆ. ಮದುವೆಯಾಗಿ ಇಷ್ಟು ವರ್ಷವಾದವರು ಸುಮ್ಮನಿದ್ದರೆ ಅದು ಒಪ್ಪಿಗೆಯೆಂದೇ ದಾಖಲಾಗುತ್ತದೆ. ಆಟೋ ಹನುಮಂತನಗರಕ್ಕೆ ಬರುವ ಹೊತ್ತಿಗೆ ನಾವು ದೊಡ್ಡ ಮನೆ ಹುಡುಕುತ್ತಿರುವ ಸಂಸಾರವಾಗಿಬಿಟ್ಟಿದ್ದೆವು.

ಹಾಗಂತ ನಮಗೇನು ಕಡಿಮೆಯಾಗಿತ್ತು? ಎರಡನೇ ಮಹಡಿಯಲ್ಲಿ ಎರಡು ಬೆಡ್‌ರೂಮಿನ ಫ್ಲಾಟು. ಸಾಲ ತೀರಿದೆ. ಮಗ ಪುಣೆಯಲ್ಲಿ ಕೆಲಸದಲ್ಲಿದ್ದಾನೆ. ಉಳಿದವರು ನಾವಿಬ್ಬರು. ತಲೆಗೊಂದು ಕೋಣೆ, ಜಗಳವಾದ ದಿನಕ್ಕೂ ಸಾಕು. ತರಕಾರಿ, ಔಷಧಿ, ಕಾಫಿಪುಡಿ ಎಲ್ಲವೂ ಚಪ್ಪಲಿ ಮೆಟ್ಟಿ ಹೋಗಿ ಬರುವಷ್ಟು ದೂರದಲ್ಲಿವೆ.

ಈ ಊರಿನಲ್ಲಿ ಮನೆ ಬದಲಾಯಿಸುವುದಕ್ಕೆ ಗಟ್ಟಿ ಕಾರಣವಿದ್ದ ಕಾಲವೂ ಇತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಇಕ್ಕಟ್ಟು ಮನೆಗಳಲ್ಲಿ ಗಾಳಿಯಿಲ್ಲ, ಬೆಳಕಿಲ್ಲ, ಇಲಿಗಳಿಗೆ ಮಾತ್ರ ಬೇಕಾದಷ್ಟು ಜಾಗ. ಅದಾದ ಮೇಲೆ ಮಲ್ಲೇಶ್ವರ, ಬಸವನಗುಡಿಗಳು ಬೆಳೆದವು. ಅಗಲವಾದ ರಸ್ತೆ, ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಓಣಿ. ಆಗ ಪೇಟೆ ಬಿಟ್ಟು ಬಸವನಗುಡಿಗೆ ಹೋದವರನ್ನು "ಯಾಕ್ರೀ ಹೋದ್ರಿ?" ಎಂದು ಯಾರೂ ಕೇಳಿರಲಾರರು. ಇವತ್ತು ಅದೇ ಬಸವನಗುಡಿಯ ಮಗ್ಗುಲಿನಿಂದ ಹೊರಡಲು ಸಿದ್ಧರಾಗಿರುವ ನಮಗೆ ಹೇಳಿಕೊಳ್ಳಲು ಒಂದು ಇಲಿಯೂ ಇಲ್ಲ.

ಹಳೆಯ ಮನೆಗಳು ಎಷ್ಟು ದೊಡ್ಡದಿರಬೇಕು ಎಂಬುದನ್ನು ಮನೆಯವರೇ ತೀರ್ಮಾನಿಸುತ್ತಿರಲಿಲ್ಲ, ಮರ ತೀರ್ಮಾನಿಸುತ್ತಿತ್ತು. ನಮ್ಮ ಕಡೆ ಮನೆಯನ್ನು ಅಂಕಣದ ಲೆಕ್ಕದಲ್ಲಿ ಹೇಳುತ್ತಿದ್ದರು, ಧಾರವಾಡದ ಕಡೆ ಖಣದ ಲೆಕ್ಕ. ಎರಡು ಕಂಬಗಳ ನಡುವಿನ ಜಾಗ ಅದು. ಕಂಬದಿಂದ ಕಂಬಕ್ಕೆ ತೊಲೆ ಹಾಯಬೇಕು, ತೊಲೆ ಭಾರಕ್ಕೆ ಬಾಗಬಾರದು. ಹಾಗಾಗಿ ಸಿಕ್ಕ ಮರ ಎಷ್ಟು ಉದ್ದವೋ ಕೋಣೆ ಅಷ್ಟೇ ಅಗಲ. ಊರಿನ ಪಟೇಲನಿಗೂ ಬಡಗಿ, "ಬುದ್ಧಿ, ಇದಕ್ಕಿಂತ ಉದ್ದ ತೊಲೆ ಸಿಗಾಕಿಲ್ಲ" ಎಂದರೆ ಅಲ್ಲಿಗೆ ಮುಗಿಯಿತು. ಇನ್ನೂ ಬೇಕಿದ್ದರೆ ಇನ್ನೊಂದು ಕಂಬ ನಿಲ್ಲಿಸಬೇಕು. ತೊಟ್ಟಿಮನೆಯ ಹಜಾರದಲ್ಲಿ ಅಷ್ಟೊಂದು ಕಂಬಗಳಿರುವುದು ಬರೀ ಚೆಂದಕ್ಕಲ್ಲ. ಆಮೇಲೆ ಕಬ್ಬಿಣ, ಸಿಮೆಂಟು, ಮೋಲ್ಡಿಂಗು ಬಂದು ಈ ಕಡಿವಾಣ ಹೋಯಿತು. ಈಗ ಆ ತೊಲೆಯ ಜಾಗದಲ್ಲಿ ಬ್ಯಾಂಕಿನ ಸಾಲ ಕೂತಿದೆ. ಸಾಲ ಎಲ್ಲಿಯವರೆಗೆ ಚಾಚುತ್ತದೋ ಅಲ್ಲಿಯವರೆಗೆ ಗೋಡೆ. ಆದರೆ ಮರದ ತೊಲೆ ಬಾಗಿದರೆ ಕಣ್ಣಿಗೆ ಕಾಣುತ್ತಿತ್ತು.

ಒಂದು ಭಾನುವಾರ ಕನಕಪುರ ರಸ್ತೆಯ ಕಡೆ ಹೊರಟೆವು. "ಬರೀ ನೋಡೋಕೆ" ಎಂದಳು ಹೆಂಡತಿ. ಹಸಿರು ಮಾರ್ಗದ ಮೆಟ್ರೋ 2021ರಲ್ಲಿ ರೇಷ್ಮೆ ಸಂಸ್ಥೆಯವರೆಗೆ ಬಂದ ಮೇಲೆ ಅಲ್ಲಿನ ಬಿಲ್ಡರುಗಳಿಗೆಲ್ಲ ತಾವು ಊರಿನ ನಡುವೆಯೇ ಕಟ್ಟುತ್ತಿದ್ದೇವೆ ಎಂಬ ಧೈರ್ಯ ಬಂದಿದೆ. ನಿಲ್ದಾಣದಿಂದ ಎಸಿ ವ್ಯಾನು. ಹೋಗಿ ಇಳಿದ ಕೂಡಲೇ ಕಾಫಿ, ಸಮೋಸ. ಟೈ ಕಟ್ಟಿದ ಹುಡುಗನೊಬ್ಬ ನನ್ನ ನೆರೆತ ತಲೆ ನೋಡಿಯೂ ಒಂದಿಷ್ಟೂ ಅಳುಕದೆ, "ಅಂಕಲ್, ನಿಮ್ಮ ಫ್ಯೂಚರ್ ಯೋಚನೆ ಮಾಡಿ" ಎಂದ. ನಿವೃತ್ತಿಯ ಅಂಚಿನಲ್ಲಿರುವವನಿಗೆ ಭವಿಷ್ಯವಿದೆ ಎಂದು ಹೇಳಿದ ಮೊದಲ ಅಪರಿಚಿತ ಅವನು. ಅದಕ್ಕಾಗಿಯೇ ಅವನ ಮೇಲೆ ನನಗೆ ಪ್ರೀತಿ ಬಂತು.

ಮಾದರಿ ಮನೆ ಬಹಳ ಸೊಗಸಾಗಿತ್ತು. ಸ್ವಲ್ಪ ಹೊತ್ತಿನ ಮೇಲೆ ಒಳಕೋಣೆಗಳಿಗೆ ಬಾಗಿಲೇ ಇಲ್ಲ ಎಂಬುದು ಗಮನಕ್ಕೆ ಬಂತು. ಬಾಗಿಲಿಲ್ಲದಿದ್ದರೆ ಮನೆ ವಿಶಾಲವಾಗಿ ಕಾಣುತ್ತದೆ. ಗೋಡೆಗೆಲ್ಲ ಕನ್ನಡಿ. ಮಂಚವನ್ನು ಗೇಣು ಹಾಕಿ ನೋಡಿದೆ. ನಾನು ಮಲಗಿದರೆ ಮೊಣಕಾಲಿನ ಕೆಳಗಿನ ಭಾಗ ಪಕ್ಕದ ಕೋಣೆಯ ಲೆಕ್ಕಕ್ಕೆ ಹೋಗುತ್ತಿತ್ತು. ಮಲಗಿಯೇ ನೋಡಿಬಿಡಲೇ ಎಂದು ಕೇಳಿದ್ದಕ್ಕೆ ಹೆಂಡತಿ ಕಣ್ಣು ಬಿಟ್ಟಳು.

ಮನೆ 1,650 ಚದರಡಿ, ಅಡಿಗೆ 8,000 ರೂಪಾಯಿ. ಅದು ಸೂಪರ್ ಬಿಲ್ಟ್-ಅಪ್ ಲೆಕ್ಕ. ಲಿಫ್ಟಿನ ಮುಂದಿನ ಜಾಗ, ಮೆಟ್ಟಿಲು, ಕ್ಲಬ್ಬು, ಕಾವಲುಗಾರ ಕೂರುವ ಗೂಡು, ಎಲ್ಲದರ ಒಂದೊಂದು ಚೂರು ನಮ್ಮ ತಲೆಯ ಮೇಲೆ. 2016ರ ರೇರಾ ಕಾನೂನು ಕಾರ್ಪೆಟ್ ಏರಿಯಾ ಎಂದರೆ ಇಷ್ಟೇ ಎಂದು ಗೆರೆ ಎಳೆದಿದೆ: ಹೊರಗೋಡೆ ಬಿಡಿ, ಬಾಲ್ಕನಿ ಬಿಡಿ, ಪೈಪು ಹೋಗುವ ಷಾಫ್ಟು ಬಿಡಿ, ಒಳಗಿನ ಅಡ್ಡಗೋಡೆ ಮಾತ್ರ ಸೇರಿಸಿ. ಆ ಲೆಕ್ಕ ಕೇಳಿದಾಗ ಹುಡುಗ ಪುಟ ತಿರುಗಿಸಿ, ಬಹಳ ಸಣ್ಣ ಅಕ್ಷರದಲ್ಲಿದ್ದ 1,130ರ ಮೇಲೆ ಬೆರಳಿಟ್ಟ.

ಮನೆಗೆ ಬಂದು ಟೇಪು ಹಿಡಿದು ನಮ್ಮ ಫ್ಲಾಟನ್ನು ಅಳೆದೆ. ಒಳಗೆ 960 ಅಡಿ. ಅಂದರೆ ನಾವು ಹೋಗಲಿರುವ ದೊಡ್ಡ ಮನೆ ಈಗಿನದಕ್ಕಿಂತ 170 ಅಡಿ ದೊಡ್ಡದು. ಅಷ್ಟರೊಳಗೇ ಇನ್ನೊಂದು ಬೆಡ್‌ರೂಮು, ಮೂರನೆಯ ಬಾತ್‌ರೂಮು ತೂರಿಸಿದ್ದಾರೆ. ಅದಕ್ಕೆ ಉಳಿದ ಕೋಣೆಗಳು ಮೈ ಕುಗ್ಗಿಸಿಕೊಂಡಿವೆ. ನನ್ನ ಹೆಂಡತಿ ಆಸೆಪಟ್ಟ ಅಡುಗೆಮನೆಯ ಕಿಟಕಿ ಯುಟಿಲಿಟಿಗೆ ತೆರೆದುಕೊಳ್ಳುತ್ತದೆ, ಯುಟಿಲಿಟಿ ಒಂದು ಡಕ್ಟಿಗೆ. ಬೆಳಕಿಗಾಗಿ ಹೊರಟವರು ಹಗಲೂ ದೀಪ ಹಾಕಬೇಕಾದ ಕಡೆ ಬಂದು ನಿಂತಿದ್ದೆವು. ಇದನ್ನು ಹೇಳಿದರೆ ಅವಳು, "ಆದ್ರೂ ಮೂರು ಬೆಡ್‌ರೂಮು ಅಲ್ವಾ?" ಎಂದಳು.

ಲೆಕ್ಕ ಮುಂದುವರಿಸಿದೆ. ಮನೆಗೆ 1 ಕೋಟಿ 32 ಲಕ್ಷ. ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ಸು ಸರ್‌ಚಾರ್ಜು, ಜೊತೆಗೆ 2025ರ ಆಗಸ್ಟ್ ಕೊನೆಯಲ್ಲಿ ಶೇಕಡ ಒಂದರಿಂದ ಎರಡಕ್ಕೆ ಏರಿದ ನೋಂದಣಿ ಶುಲ್ಕ, ಎಲ್ಲ ಕೂಡಿದರೆ 7.6%. ಅದೇ 10 ಲಕ್ಷ. ನಮ್ಮ ಹಳೆಯ ಫ್ಲಾಟು 80 ಲಕ್ಷಕ್ಕೆ ಹೋದರೂ ಕೈಯಿಂದ 62 ಲಕ್ಷ ಹಾಕಬೇಕು. 170 ಅಡಿಗೆ 62 ಲಕ್ಷ, ಅಂದರೆ ಅಡಿಗೆ 36 ಸಾವಿರದ ಚಿಲ್ಲರೆ. ಬರೀ ಒಂದು ಕುರ್ಚಿ ಹಾಕುವ ಜಾಗದ ಬೆಲೆಯನ್ನು ಲೆಕ್ಕ ಹಾಕಿ, ಆ ಕುರ್ಚಿಯ ಮೇಲೆ ಕೂರುವ ಧೈರ್ಯ ನನಗಿಲ್ಲ ಎಂದು ತಿಳಿದುಕೊಂಡೆ.

ಮೂರನೆಯ ಕೋಣೆ ಯಾರಿಗೆ ಎಂದು ಕೇಳಿದರೆ ಎಲ್ಲ ಮನೆಗಳಲ್ಲೂ ಒಂದೇ ಉತ್ತರ: ನೆಂಟರಿಗೆ. ಈ ನೆಂಟರು ಯಾರು? ನಾನು ಹುಡುಗನಾಗಿದ್ದಾಗ ನಮ್ಮ ಮನೆಯಲ್ಲಿ ಗೆಸ್ಟ್ ರೂಮು ಇರಲಿಲ್ಲ, ಗೆಸ್ಟುಗಳು ಮಾತ್ರ ಇದ್ದರು. ಚಿಕ್ಕಪ್ಪ ಆಸ್ಪತ್ರೆಗೆ ತೋರಿಸಲು ಬಂದರೆ ವಾರವಿರುತ್ತಿದ್ದರು, ಅತ್ತೆಯ ಮಗ ಪರೀಕ್ಷೆಗೆಂದು ಬಂದು ಕೆಲಸ ಸಿಗುವವರೆಗೂ ಇದ್ದ. ರಾತ್ರಿ ಹಜಾರದಲ್ಲಿ ಉದ್ದಕ್ಕೂ ಹಾಸಿಗೆ. ನೀರು ಕುಡಿಯಲು ಎದ್ದವರು ಯಾರದಾದರೂ ಕೈ ತುಳಿಯದೆ ಅಡುಗೆಮನೆ ಸೇರುತ್ತಿರಲಿಲ್ಲ. ಈಗ ನೆಂಟರು ಬೆಳಗಿನ ಬಸ್ಸಿಗೆ ಬಂದು ಮದುವೆ ಛತ್ರದಲ್ಲಿ ಊಟ ಮಾಡಿ ರಾತ್ರಿಯ ಬಸ್ಸಿಗೆ ಹೋಗುತ್ತಾರೆ. ಉಳಿಯಬೇಕಾದರೆ ಹೋಟೆಲಿನಲ್ಲಿ ರೂಮು ಮಾಡುತ್ತಾರೆ, "ನಿಮಗ್ಯಾಕೆ ತೊಂದ್ರೆ" ಅಂತ. ಆದರೂ ಅವರಿಗಾಗಿ ಕೋಣೆ ಬೇಕು.

ಆ 110 ಅಡಿಯ ಕೋಣೆಗೆ ಅದರ ಪಾಲಿನ ಲಿಫ್ಟು, ಮೆಟ್ಟಿಲು ಸೇರಿಸಿದರೆ 160 ಅಡಿ, 12 ಲಕ್ಷ 80 ಸಾವಿರ ರೂಪಾಯಿ. 8.5% ಬಡ್ಡಿಯಲ್ಲಿ ವರ್ಷಕ್ಕೆ 1,08,800. ವರ್ಷಕ್ಕೆ ಹತ್ತು ರಾತ್ರಿ ಯಾರಾದರೂ ಬಂದು ಮಲಗುತ್ತಾರೆ ಎಂದಿಟ್ಟುಕೊಳ್ಳಿ, ಅದೂ ಧಾರಾಳವಾಗಿ. ರಾತ್ರಿಗೆ 10,880 ಆಯಿತು. ಅಷ್ಟು ದುಡ್ಡಿಗೆ ನೆಂಟರನ್ನು ಎಂ.ಜಿ. ರಸ್ತೆಯ ಒಳ್ಳೆಯ ಹೋಟೆಲಿನಲ್ಲಿ ಇಳಿಸಬಹುದು, ಬೆಳಗಿನ ತಿಂಡಿ ಅವರೇ ಕೊಡುತ್ತಾರೆ, ಹಾಸಿಗೆ ಹೊದಿಕೆ ಒಗೆಯುವ ತಾಪತ್ರಯವಿಲ್ಲ. ಈ ವಾದವನ್ನು ನಾನು ಬಹಳ ಉತ್ಸಾಹದಿಂದ ಮಂಡಿಸಿದೆ. "ನಿಮ್ಮ ತಂಗಿ ಬಂದಾಗ ಅವಳಿಗೆ ಹಾಗೇ ಹೇಳಿ ನೋಡೋಣ" ಎಂದಳು ಹೆಂಡತಿ. ಆ ವಾದ ಅಲ್ಲಿಗೆ ನಿಂತಿದೆ.

ನೆಂಟರಿಗಿಂತ ದೊಡ್ಡ ಹಕ್ಕುದಾರರು ಅಟ್ಟದ ಮೇಲಿದ್ದಾರೆ. ಮದುವೆಯಲ್ಲಿ ಉಡುಗೊರೆ ಬಂದ ಸ್ಟೀಲು ಕೊಳಗಗಳು, ಮಗನ ತೊಟ್ಟಿಲು, ಸುಧಾ ಮತ್ತು ಮಯೂರದ ಹಳೆಯ ಸಂಚಿಕೆಗಳು, ಒಂದು ಹಾರ್ಮೋನಿಯಂ, ಎಂದಾದರೂ ಮನೆ ಖಾಲಿ ಮಾಡಬೇಕಾದರೆ ಇರಲಿ ಎಂದು ಉಳಿಸಿದ ಟಿ.ವಿ.ಯ ರಟ್ಟಿನ ಪೆಟ್ಟಿಗೆ. ಆ ಟಿ.ವಿ. ಗುಜರಿಗೆ ಹೋಗಿ ಕಾಲವಾಯಿತು, ಪೆಟ್ಟಿಗೆ ಇದೆ. ದಸರಾ ಗೊಂಬೆಗಳ ಟ್ರಂಕಿನ ವಿಷಯ ಬೇರೆ, ಅದಕ್ಕೆ ನಾನು ಬಾಯಿ ಹಾಕುವುದಿಲ್ಲ. ಒಂಬತ್ತು ಮೆಟ್ಟಿಲು ಕಟ್ಟಲು ಹಾಲಿನಲ್ಲಿ ಜಾಗವಿಲ್ಲದೆ ಅವಳು ಐದಕ್ಕೇ ನಿಲ್ಲಿಸುತ್ತಿದ್ದಾಳೆ. ಉಳಿದ ನಾಲ್ಕು ಮೆಟ್ಟಿಲಿನ ಗೊಂಬೆಗಳು ಪ್ರತಿ ವರ್ಷ ಸರದಿಯಲ್ಲಿ ಕಾಯುತ್ತವೆ. ದೊಡ್ಡ ಮನೆಯ ಪರವಾಗಿ ಈವರೆಗೆ ನಾನು ಕೇಳಿದ ಕಾರಣಗಳಲ್ಲಿ ನನಗೆ ಉತ್ತರ ಹೊಳೆಯದಿರುವುದು ಇದೊಂದಕ್ಕೇ.

ನನಗೂ ಆಸೆಯಿತ್ತು, ಯಾಕೆ ಸುಳ್ಳು ಹೇಳಲಿ. ಬರೆಯುವುದಕ್ಕೆ ಒಂದು ಕೋಣೆ, ಕಿಟಕಿಯಿಂದ ಒಂದು ಮರ ಕಾಣಬೇಕು. ಈ ಆಸೆಗೆ ತಣ್ಣೀರು ಹಾಕಿದವರು ಆರ್.ಕೆ. ನಾರಾಯಣ್. ಅವರು ಮೈಸೂರಿನ ಯಾದವಗಿರಿಯಲ್ಲಿ ಕಟ್ಟಿಸಿದ ಮನೆಯಲ್ಲಿ ಓದುಕೋಣೆಗೆ ಎಂಟು ಕಿಟಕಿಗಳು. ಚಾಮುಂಡಿಬೆಟ್ಟ, ಗೋಪುರಗಳು, ಮೇಯುವ ದನಗಳು, ಓಡುವ ರೈಲು, ಎಲ್ಲ ಕಾಣುತ್ತಿದ್ದವಂತೆ. ನೋಡುತ್ತಾ ಕೂತು ಬರವಣಿಗೆ ನಿಂತೇಹೋಯಿತು. ಕೊನೆಗೆ ಮೇಜಿನ ಪಕ್ಕದ ದೊಡ್ಡ ಕಿಟಕಿಗೆ ಬೂದು ಬಣ್ಣದ ಪರದೆ ಇಳಿಬಿಟ್ಟ ಮೇಲೆ ದಿನಕ್ಕೆ ಸಾವಿರ ಪದ ಬರೆಯಲು ಸಾಧ್ಯವಾಯಿತು ಎಂದು ತಮ್ಮ ಆತ್ಮಕಥೆಯಲ್ಲಿ ಅವರೇ ಹೇಳಿಕೊಂಡಿದ್ದಾರೆ. ಪರದೆ ನಮ್ಮ ಮನೆಯಲ್ಲಿ ಈಗಾಗಲೇ ಇದೆ. ಇನ್ನು ಅದೇ ಮೈಸೂರಿನಲ್ಲಿ 'ಅನಿಕೇತನ' ಬರೆದ ಕುವೆಂಪು ಕೂಡ ಒಂಟಿಕೊಪ್ಪಲಿನಲ್ಲಿ 'ಉದಯರವಿ' ಎಂಬ ಚೆಂದದ ಮನೆಯಲ್ಲಿದ್ದರು. ನನ್ನ ಹೆಂಡತಿಗೆ ಇದು ಗೊತ್ತು. ಹಾಗಾಗಿ ನಾನು ಎಂದೂ ಅವರ ಹೆಸರೆತ್ತಿ ವೈರಾಗ್ಯದ ಮಾತಾಡಲು ಹೋಗುವುದಿಲ್ಲ.

ಅಷ್ಟರಲ್ಲಿ ಸುದ್ದಿ ಕೆಲಸಕ್ಕೆ ಬರುವಾಕೆಗೆ ಮುಟ್ಟಿತು. ಮನೆಯ ನಕ್ಷೆಯನ್ನು ಹೆಂಡತಿ ಅವಳಿಗೂ ತೋರಿಸಿದ್ದಳು. ಅವಳು ಪೊರಕೆ ಹಿಡಿದುಕೊಂಡೇ ನೋಡಿ, "ಇಬ್ರಿಗೆ ಮೂರು ಬಚ್ಚಲಾ ಅಮ್ಮ?" ಎಂದಳು. ಬಿಲ್ಡರು, ಬ್ಯಾಂಕಿನವರು, ನಮ್ಮ ಆಡಿಟರು, ಯಾರೂ ಕೇಳದ ಪ್ರಶ್ನೆ ಅದು. ಆಡಿಟರಿಗಂತೂ ಹಳೆಯ ಮನೆ ಮಾರಿದ ಲಾಭವನ್ನು ಎರಡು ವರ್ಷದೊಳಗೆ ಇನ್ನೊಂದು ಮನೆಗೆ ಹಾಕಿದರೆ ತೆರಿಗೆ ಉಳಿಯುತ್ತದೆ ಎಂಬುದೇ ಸಂಭ್ರಮ. ಮಾರದಿದ್ದರೆ ತೆರಿಗೆಯೇ ಇಲ್ಲವಲ್ಲ ಎಂದಿದ್ದಕ್ಕೆ ಅವರು ನನ್ನನ್ನು ಅಯ್ಯೋ ಪಾಪ ಎಂಬಂತೆ ನೋಡಿದರು.

ಟೈ ಕಟ್ಟಿದ ಹುಡುಗ ಬಿಡಲಿಲ್ಲ. 50 ಲಕ್ಷ ಸಾಲ, 20 ವರ್ಷ, 8.5% ಬಡ್ಡಿ, ತಿಂಗಳಿಗೆ 43,391 ರೂಪಾಯಿ ಎಂದು ವಾಟ್ಸಾಪಿನಲ್ಲಿ ಕಳಿಸಿದ. ಒಟ್ಟು ಕಟ್ಟುವುದು 1 ಕೋಟಿ 4 ಲಕ್ಷ ಎಂಬುದನ್ನು ಅವನು ಕಳಿಸಿರಲಿಲ್ಲ, ನಾನೇ ಗುಣಿಸಿದೆ. ನನ್ನ ವಯಸ್ಸಿಗೆ ಅಷ್ಟು ವರ್ಷ ಯಾರೂ ಕೊಡುವುದಿಲ್ಲವಲ್ಲಪ್ಪ ಎಂದರೆ, "ಮಗನ್ನ ಕೋ-ಅಪ್ಲಿಕಂಟ್ ಮಾಡಿ ಅಂಕಲ್" ಎಂದ. ಸರಿ, ಪುಣೆಗೆ ಫೋನು ಮಾಡಿದೆವು. ಮಗ ಎಲ್ಲ ಕೇಳಿಸಿಕೊಂಡು, "ನಿಮಗೆ ಇಷ್ಟ ಇದ್ರೆ ತಗೊಳ್ಳಿ ಅಪ್ಪ. ಆದ್ರೆ ಆಮೇಲೆ ಅದನ್ನ ಮಾರೋಕೆ ನಾನೇ ಓಡಾಡ್ಬೇಕು, ಅದೊಂದು ನೆನಪಿರಲಿ" ಎಂದ. ನಾವಿಬ್ಬರೂ ಸ್ವಲ್ಪ ಹೊತ್ತು ಫೋನನ್ನೇ ನೋಡಿದೆವು. ಆಮೇಲೆ ಹೆಂಡತಿ, "ಊಟ ಮಾಡಿದ್ಯಾ?" ಎಂದು ಕೇಳಿದಳು.

ಮರುವಾರ ಗಾರೆಯವನನ್ನು ಕರೆಸಿ ನಮ್ಮ ಅಡುಗೆಮನೆಯ ಕಿಟಕಿಯನ್ನು ಒಂದಡಿ ಅಗಲ ಮಾಡಲು ಆಗುತ್ತದಾ ಎಂದು ಕೇಳಿದೆ. ಅವನು ಗೋಡೆಗೆ ಬಡಿದು, ಕಿವಿಗೊಟ್ಟು, ಮೇಲಿನ ಲಿಂಟಲ್ ನೋಡಿ, "ಆಗಲ್ಲ ಸಾರ್, ಅಸೋಸಿಯೇಷನ್ನೋರನ್ನ ಕೇಳ್ಬೇಕು" ಎಂದ. ಅಸೋಸಿಯೇಷನ್ನಿನ ಅಧ್ಯಕ್ಷರು ಮೇಲಿನ ಮಹಡಿಯವರು. ಅವರ ಮನೆಯಲ್ಲಿ ನಲ್ಲಿ ಸೋರಿದ ಪ್ರಕರಣದಿಂದ ಈಚೆಗೆ ನಮಗೂ ಅವರಿಗೂ ಮಾತಿಲ್ಲ.

ಹಾಗಾಗಿ ವಿಷಯ ಇನ್ನೂ ತೀರ್ಮಾನವಾಗಿಲ್ಲ. ತೀರ್ಮಾನವಾಗಬೇಕು ಎಂಬ ಆತುರ ಇಬ್ಬರಲ್ಲೂ ಕಾಣುತ್ತಿಲ್ಲ. ಮೊದಲೆಲ್ಲ ಭಾನುವಾರ ನಾನು ಪೇಪರಿನ ಹಿಂದೆ, ಅವಳು ಫೋನಿನ ಹಿಂದೆ ಇರುತ್ತಿದ್ದೆವು. ಈಗ ಬೆಳಗ್ಗೆಯೇ ತಲೆ ಬಾಚಿ ಹೊರಡುತ್ತೇವೆ. ಯಾರದೋ ಬಾಲ್ಕನಿಯಲ್ಲಿ ನಿಂತು ಇಲ್ಲಿ ತುಳಸಿ ಇಡಬಹುದು, ಅಲ್ಲಿ ಗೊಂಬೆ ಕೂರಿಸಬಹುದು ಎಂದು ಮಾತಾಡುತ್ತೇವೆ. ಬ್ರೋಷರುಗಳು ಟಿ.ವಿ.ಯ ರಟ್ಟಿನ ಪೆಟ್ಟಿಗೆ ಸೇರಿವೆ. ಅದಕ್ಕೂ ಒಂದು ಕೆಲಸವಾಯಿತು. ಮುಂದಿನ ಭಾನುವಾರ ದೇವನಹಳ್ಳಿ ಕಡೆ ನಾಲ್ಕು ಬೆಡ್‌ರೂಮಿನ ವಿಲ್ಲಾ. ನಮಗೆ ಮೂರೇ ಹೆಚ್ಚು. ಆದರೆ ವ್ಯಾನು ಮನೆಯ ಬಾಗಿಲಿಗೇ ಬರುತ್ತದಂತೆ.