ಬರೋಬರಿ

ನಾನು ಕುಸ್ತಿಯ ವಿಚಾರವಾಗಿ ಬರೆಯಹೊರಟಿದ್ದೇನೆಂದು ತಿಳಿದರೆ, ನನ್ನನ್ನು ಕಣ್ಣಾರೆ ಕಂಡವರು ನಗದೆ ಇರಲಾರರು. ನನ್ನ ತೋಳಿನ ಸುತ್ತಳತೆಗೂ ಮಣಿಕಟ್ಟಿನ ಸುತ್ತಳತೆಗೂ ಹೇಳಿಕೊಳ್ಳುವಂಥ ಅಂತರವಿಲ್ಲ. ಬಾಲ್ಯದಲ್ಲಿ ಒಂದೇ ಒಂದು ಸಲ ಗರಡಿಯ ಹೊಸ್ತಿಲು ದಾಟಿದ್ದುಂಟು. ಅದೂ ಒಳಗೆ ಬಿದ್ದ ಚೆಂಡನ್ನು ತರುವುದಕ್ಕೆ. ಆದರೆ ಮನುಷ್ಯನಿಗೆ ತನ್ನದಲ್ಲದ ವಿದ್ಯೆಯೇ ಒಮ್ಮೊಮ್ಮೆ ದೊಡ್ಡ ಪಾಠ ಕಲಿಸಿ ಹೋಗುತ್ತದೆ.

ನಾನಿರುವುದು ಕಲಘಟಗಿಯಲ್ಲಿ. ಹುಬ್ಬಳ್ಳಿಯಿಂದ ಕಾರವಾರದ ದಾರಿ ಹಿಡಿದರೆ, ಕರಿಮಣ್ಣಿನ ಬಯಲು ಮುಗಿದು ಮಲೆನಾಡಿನ ಸೆರಗು ಕಾಣಿಸಿಕೊಳ್ಳುವಲ್ಲಿ ಸಿಗುವ ಊರು. ಹೊರಗಿನವರಿಗೆ ಕಲಘಟಗಿ ಎಂದರೆ ಬಣ್ಣದ ತೊಟ್ಟಿಲು. ನಮಗೆ ತೊಟ್ಟಿಲಿನಷ್ಟೇ ಪ್ರಿಯವಾದದ್ದು ಸುತ್ತಲಿನ ಹಳ್ಳಿಗಳ ಜಾತ್ರೆಯ ಕುಸ್ತಿ. ತೊಟ್ಟಿಲಿನಿಂದ ಇಳಿದ ಹುಡುಗ ನೇರವಾಗಿ ಕಣಕ್ಕೇ ಇಳಿಯುತ್ತಾನೋ ಎನ್ನುವಂತೆ, ಐದಾರು ವರ್ಷದ ಪೋರರೂ ಒಂದು ತೆಂಗಿನಕಾಯಿಗಾಗಿ ಮಣ್ಣಿನಲ್ಲಿ ಹೊರಳಾಡುವುದನ್ನು ನಾನು ನೋಡಿದ್ದೇನೆ.

ನನ್ನ ಸೋದರಮಾವ ಇಂಥ ಕುಸ್ತಿಗಳಿಗೆ ಪಂಚರಾಗಿ ಕುಳಿತುಕೊಳ್ಳುತ್ತಿದ್ದರು. ಹಲಗೆಯ ಬಡಿತ, ಕೆಂಪು ಮಣ್ಣು, ಎಳೆಬಿಸಿಲಿನಲ್ಲಿ ಮಿನುಗುವ ಬೆನ್ನುಗಳು, ಅವುಗಳ ನಡುವೆ ಮಾವನ ಹಳದಿ ರುಮಾಲು: ಇದು ನನ್ನ ಚಿಕ್ಕಂದಿನ ಚಿತ್ರ. ಜಾತ್ರೆಯ ಕುಸ್ತಿಯಲ್ಲಿ ಅಂಕಗಳಿಲ್ಲ. ಬೆನ್ನು ಮಣ್ಣಿಗೆ ತಾಗಿದರೆ ಚಿತ್, ಅಲ್ಲಿಗೆ ಮುಗಿಯಿತು. ಇಬ್ಬರೂ ಸಮಸಮ ನಿಂತು, ಹೊತ್ತು ಮೀರಿ, ಮುಂದಿನ ಜೋಡಿ ಲಂಗೋಟಿ ಬಿಗಿದು ಕಾಯುತ್ತಿದ್ದರೆ, ಮಾವ ಒಳಗೆ ನಡೆದು ಇಬ್ಬರ ಕೈಯನ್ನೂ ಮೇಲೆತ್ತಿ ‘ಬರೋಬರಿ!’ ಎನ್ನುತ್ತಿದ್ದರು. ಬಹುಮಾನದ ಹಣ ಎರಡು ಪಾಲು. ಕಾಯಿಯಾದರೆ ಅಲ್ಲಿಯೇ ಒಡೆದು ಆಳಿಗೊಂದು ಹೋಳು.

ಒಮ್ಮೆ ನಾನು ಕೇಳಿದ್ದೆ: “ಮಾಮಾ, ಹಂಗಾರ ಗೆದ್ದಾಂವ ಯಾರು?”

“ಇಬ್ರೂ ಬಿದ್ದಿಲ್ಲಲ್ಲೋ ತಮ್ಮಾ, ಮತ್ತೇನು ಬೇಕು ನಿನಗ?”

ಧಾರವಾಡದ ಕಡೆಯ ನಮ್ಮ ಮಾತಿನಲ್ಲಿ ‘ಬರೋಬರಿ’ ಎಂಬ ಶಬ್ದಕ್ಕೆ ಎರಡು ಅರ್ಥ. ಸಮ ಎಂಬುದೊಂದು, ಸರಿ, ನ್ಯಾಯ ಎಂಬುದಿನ್ನೊಂದು. ಲೆಕ್ಕ ತಾಳೆಯಾದರೂ ಬರೋಬರಿ, ಯಾರೂ ಗೆಲ್ಲದಿದ್ದರೂ ಬರೋಬರಿ. ಈ ಎರಡು ಅರ್ಥಗಳು ಒಂದೇ ಮನೆಯಲ್ಲಿ ಏಕೆ ಸಂಸಾರ ಹೂಡಿವೆಯೆಂಬುದು ಕನ್ನಡದಲ್ಲಿ ಎಂ. ಎ. ಮಾಡಿದ ನನಗೂ ಬಹಳ ಕಾಲ ಹೊಳೆದಿರಲಿಲ್ಲ.

2018ರ ಮಾತು. ಅಂತರ ಕಾಲೇಜು ಕುಸ್ತಿಯ ಕೂಟಕ್ಕೆ ನಮ್ಮ ಹುಡುಗರನ್ನು ಕರೆದುಕೊಂಡು ಹೋಗಬೇಕಾಗಿತ್ತು. ದೈಹಿಕ ಶಿಕ್ಷಣದ ನಿರ್ದೇಶಕರಿಗೆ ಅದೇ ವಾರ ಮಗಳ ನಿಶ್ಚಯದ ಗಡಿಬಿಡಿ. ಪ್ರಾಚಾರ್ಯರು ನನ್ನನ್ನು ಕರೆದು, “ನೀವು ಗದಾಯುದ್ಧ ಕಲಸ್ತೀರಲ್ರೀ, ಅದರ ಮುಂದ ಇದೇನು ದೊಡ್ಡದು?” ಎಂದರು. ರನ್ನನ ಕೃಪೆಯಿಂದ ನಾನು ತಂಡದ ಮ್ಯಾನೇಜರನಾದೆ.

ಕುಸ್ತಿಪಟುಗಳ ಲೋಕದಲ್ಲಿ ಹೆಸರಿಗಿಂತ ತೂಕಕ್ಕೆ ಬೆಲೆ. “ಐವತ್ತೇಳು ಎಲ್ಲಿ ಹೋದಾ?”, “ಎಪ್ಪತ್ನಾಲ್ಕಕ್ಕ ಬಾಳೆಹಣ್ಣು ಕೊಡ್ರಿ” ಎಂದು ಎರಡು ದಿನ ಕೂಗಾಡಿ ನನಗೂ ಅದೇ ರೂಢಿಯಾಯಿತು. ಆದುದರಿಂದ ಈ ಬರಹದ ನಾಯಕನನ್ನು ‘ಅರವತ್ತೈದು’ ಎಂದೇ ಕರೆಯುತ್ತೇನೆ. ರೈತರ ಮನೆಯ ಹುಡುಗ. ಮಾತು ಕಡಿಮೆ. ಪರೀಕ್ಷೆಯಲ್ಲಿ ಸಂಧಿ ಬಿಡಿಸಲು ತಿಣುಕುತ್ತಿದ್ದನಾದರೂ ಕಣದಲ್ಲಿ ಎಂಥ ಬಿಗಿಹಿಡಿತವನ್ನಾದರೂ ಬಿಡಿಸಿಕೊಳ್ಳುತ್ತಿದ್ದ.

ಹತ್ತು ತೂಕಗಳು. ಆ ಕೂಟದಲ್ಲಿ ಪ್ರಥಮಕ್ಕೆ 5 ಅಂಕ, ದ್ವಿತೀಯಕ್ಕೆ 3, ತೃತೀಯಕ್ಕೆ 1. ಎಲ್ಲವನ್ನೂ ಕೂಡಿಸಿ ಹೆಚ್ಚು ಗಳಿಸಿದ ಕಾಲೇಜಿಗೆ ಢಾಲು. ಎರಡನೆಯ ದಿನ ಬೆಳಿಗ್ಗೆ ಅರವತ್ತೈದರ ಉಪಾಂತ್ಯ. ಎದುರಾಳಿ ಇನ್ನೊಂದು ಕಾಲೇಜಿನವನು, ಆ ಕೂಟದಲ್ಲಿ ನಮ್ಮೊಡನೆ ಹೆಗಲೆಣೆಯಾಗಿ ಬರುತ್ತಿದ್ದ ತಂಡದವನು. ಧ್ವನಿವರ್ಧಕದಲ್ಲಿ ಒಮ್ಮೆ ಕರೆದರು, ಬರಲಿಲ್ಲ. ಎರಡನೆಯ ಸಲ, ಮೂರನೆಯ ಸಲ ಕರೆದರು, ಬರಲಿಲ್ಲ. ನಿಯಮದಂತೆ ನಮ್ಮವನ ಕೈ ಮೇಲೆತ್ತಿದರು.

ಐದು ನಿಮಿಷ ಕಳೆದಿರಲಿಕ್ಕಿಲ್ಲ. ಆ ಹುಡುಗ ಓಡಿಬಂದ. ಮನೆಯಲ್ಲಿ ತಾಯಿಗೆ ಜ್ವರ, ಎಮ್ಮೆ ಹಿಂಡುವವರಿಲ್ಲವೆಂದು ರಾತ್ರಿ ಊರಿಗೆ ಹೋಗಿದ್ದನಂತೆ. ಬೆಳಗಿನ ಬಸ್ಸು ದಾರಿಯಲ್ಲಿ ಕೆಟ್ಟು, ಒಂದಷ್ಟು ದೂರ ನಡೆದು, ಒಂದಷ್ಟು ದೂರ ಟ್ರ್ಯಾಕ್ಟರಿನಲ್ಲಿ ಬಂದಿದ್ದ. ಪಂಚರು ಸಜ್ಜನರು. “ನಿಮ್ಮದೇನೂ ತಕರಾರಿಲ್ಲ ಅಂದ್ರ ಆಡಸೋಣ್ರೀ” ಎಂದು ನನ್ನ ಮುಖ ನೋಡಿದರು. ಅರವತ್ತೈದು ನನ್ನ ಬಳಿ ಬಂದು ಮೆಲ್ಲಗೆ, “ಸರ, ಆಡ್ತೀನ್ರಿ” ಎಂದ.

ನಾನು ವ್ಯಾಕರಣದ ಮನುಷ್ಯ. ಕೇಶಿರಾಜನ ಸೂತ್ರಗಳನ್ನು ಇಪ್ಪತ್ತು ವರ್ಷ ಪಾಠ ಹೇಳಿದವನು. “ನಿಯಮ ಅಂದ್ರ ನಿಯಮ್ರೀ” ಎಂದುಬಿಟ್ಟೆ. ಸೂತ್ರದ ಹಿಂದೆಯೇ ಅಪವಾದವನ್ನೂ ಹೇಳಿದ ಕೇಶಿರಾಜ ಆ ಗಳಿಗೆಯಲ್ಲಿ ನೆನಪಿಗೆ ಬರಲಿಲ್ಲ. ಆ ಹುಡುಗ ಏನೂ ಅನ್ನಲಿಲ್ಲ. ಬಿಚ್ಚಿದ್ದ ಅಂಗಿಯನ್ನು ಮತ್ತೆ ತೊಟ್ಟುಕೊಂಡ. ಗುಂಡಿ ಹಾಕುವಾಗ ಅವನ ಬೆರಳುಗಳು ನಡುಗುತ್ತಿದ್ದುದನ್ನು ಮಾತ್ರ ಕಂಡೆ.

ಮಧ್ಯಾಹ್ನ ಅರವತ್ತೈದು ಅಂತಿಮದಲ್ಲಿ ಸೋತು ದ್ವಿತೀಯನಾದ. ಸಂಜೆ ಲೆಕ್ಕ ಹಾಕಿದರು. ನಮಗೆ 3 ಪ್ರಥಮ, 2 ದ್ವಿತೀಯ, 1 ತೃತೀಯ: ಒಟ್ಟು 22. ಅವರಿಗೆ 3 ಪ್ರಥಮ, 1 ದ್ವಿತೀಯ, 4 ತೃತೀಯ: ಒಟ್ಟು 22. ಸಮ!

ಮಾವ ಇದ್ದಿದ್ದರೆ ಇಬ್ಬರು ಮ್ಯಾನೇಜರರ ಕೈಯನ್ನೂ ಎತ್ತಿ ಮನೆಗೆ ಕಳುಹಿಸುತ್ತಿದ್ದರು. ಆದರೆ ಢಾಲು ತೆಂಗಿನಕಾಯಲ್ಲ, ಒಡೆಯಲು ಬರುವುದಿಲ್ಲ. ಸಮವಾದಾಗ ಯಾರಿಗೆ ಪ್ರಥಮಗಳು ಹೆಚ್ಚೋ ಅವರದು ಗೆಲುವು. ಅದೂ ಸಮವಾದರೆ ದ್ವಿತೀಯಗಳನ್ನು ಎಣಿಸಬೇಕು. ಎಣಿಸಿದರು. ನಮಗೆ ಎರಡು, ಅವರಿಗೆ ಒಂದು. ಢಾಲು ನಮ್ಮದಾಯಿತು. ಹುಡುಗರು ಅರವತ್ತೈದನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಸೋತವನಿಂದಲೇ ಗೆದ್ದೆವೆಂಬುದು ಅವರಿಗೊಂದು ಸೋಜಿಗ. ಅವನು ಮಾತ್ರ ಹೆಗಲ ಮೇಲೆ ಹೆಣಭಾರದಂತೆ ಕುಳಿತಿದ್ದ.

ರಾತ್ರಿ ಬಸ್ಸಿನಲ್ಲಿ ನಿದ್ದೆ ಬರಲಿಲ್ಲ. ಮನಸ್ಸು ತಾನಾಗಿಯೇ ಲೆಕ್ಕ ಹಾಕತೊಡಗಿತು. ಬೆಳಗಿನ ಆ ಕುಸ್ತಿ ನಡೆದಿದ್ದರೆ? ಆ ಹುಡುಗ ಗೆದ್ದಿದ್ದರೆ ಅವರಿಗೆ ಕನಿಷ್ಠ 3 ಅಂಕ ಸೇರಿ, ನಮ್ಮ 3 ಕಳೆದು, ನಮ್ಮವನು ತೃತೀಯಕ್ಕಾಗಿ ಹೆಣಗಬೇಕಾಗುತ್ತಿತ್ತು; ಢಾಲು ಅವರದು. ಅವನು ನಮ್ಮವನಿಗೆ ಸೋತು ತೃತೀಯ ಸ್ಥಾನ ಪಡೆದಿದ್ದರೂ ಅವರದು 23. ಆಗಲೂ ಢಾಲು ಅವರದೇ. ಅವನು ನಮ್ಮವನಿಗೂ ಸೋತು, ತೃತೀಯದ ಕುಸ್ತಿಯಲ್ಲೂ ಸೋತರೆ ಮಾತ್ರ ಈ ಢಾಲು ನಮ್ಮ ತೊಡೆಯ ಮೇಲೆ ಇರುತ್ತಿತ್ತು. ಅಂದರೆ, ಒಂದೇ ಒಂದು ಕಿರುದಾರಿ. ಉಳಿದೆಲ್ಲ ದಾರಿಗಳಿಗೂ ನಾನು ಒಂದು ಮಾತಿನಿಂದ ಬೇಲಿ ಹಾಕಿದ್ದೆ.

ಪಾಪಪ್ರಜ್ಞೆಯುಳ್ಳ ಮೇಷ್ಟರು ಮಾಡುವ ಕೆಲಸವೊಂದೇ: ಗ್ರಂಥಾಲಯಕ್ಕೆ ಹೋಗುವುದು. ನಾನೂ ಹೋದೆ. ಸಮಬಲದ ಗಂಟು ಜಗತ್ತಿನ ಎಷ್ಟು ಜನರನ್ನು ಕಾಡಿದೆಯೆಂದು ತಿಳಿದು ಸ್ವಲ್ಪ ಸಮಾಧಾನವಾಯಿತು. 1910ರಲ್ಲಿ ಲಂಡನ್ನಿನಲ್ಲಿ ನಮ್ಮ ಗಾಮಾ ಪೈಲ್ವಾನನೂ ಪೋಲೆಂಡಿನ ಝ್ಬಿಶ್ಕೋನೂ ಎರಡೂವರೆ ತಾಸು ಸೆಣಸಿದರೂ ತೀರ್ಪಾಗಲಿಲ್ಲ. ವಾರ ಬಿಟ್ಟು ಮತ್ತೆ ಕೂಡಬೇಕೆಂದು ಗೊತ್ತುಮಾಡಿದರು. ಆ ದಿನ ಝ್ಬಿಶ್ಕೋ ಬರಲೇ ಇಲ್ಲ. ಪಟ್ಟ ಗಾಮಾನಿಗೆ ಬಂತು. ಆದರೂ ಲೆಕ್ಕ ತೀರಿದ್ದು 1928ರಲ್ಲಿ, ಪಟಿಯಾಲಾದಲ್ಲಿ. ಅಲ್ಲಿ ಗಾಮಾ ಅವನನ್ನು ಒಂದು ನಿಮಿಷದೊಳಗೆ ಕೆಡವಿದ. ಬಾರದವನ ಮೇಲಿನ ಗೆಲುವು ಗೆಲುವಲ್ಲವೆಂದು ಇಬ್ಬರಿಗೂ ಅನ್ನಿಸಿರಬೇಕು.

1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಕ್ಲೈನ್ ಮತ್ತು ಅಸಿಕೈನೆನ್ ಎಂಬಿಬ್ಬರು 11 ತಾಸು 40 ನಿಮಿಷ ಹೋರಾಡಿದರು. ಗೆದ್ದ ಕ್ಲೈನ್ ಎಷ್ಟು ಬಳಲಿದನೆಂದರೆ, ಅಂತಿಮ ಕುಸ್ತಿಗೆ ಇಳಿಯಲೇ ಆಗಲಿಲ್ಲ. ಅದೇ ಕೂಟದ ಇನ್ನೊಂದು ತೂಕದ ಅಂತಿಮದಲ್ಲಿ ಆಲ್‌ಗ್ರೆನ್, ಬೋಲಿಂಗ್ ಎಂಬವರು 9 ತಾಸು ಸೆಣಸಿದರೂ ಯಾರೂ ಬೀಳಲಿಲ್ಲ. ಪಂಚರು ಇಬ್ಬರಿಗೂ ಬೆಳ್ಳಿ ಕೊಟ್ಟು, ಚಿನ್ನವನ್ನು ಯಾರಿಗೂ ಕೊಡದೆ ಇಟ್ಟುಕೊಂಡರು! ನಮ್ಮ ಮಾವನಾಗಿದ್ದರೆ ಇಬ್ಬರಿಗೂ ಚಿನ್ನ ಕೊಡುತ್ತಿದ್ದರು; ಪಂಚನ ಸ್ವಭಾವ ತಿಳಿಯುವುದು ಇಂಥಲ್ಲಿಯೇ.

ಈಚಿನವರು ಗಡಿಯಾರಕ್ಕೆ ಅಂಜುವವರು. 2012ರ ಲಂಡನ್ ಒಲಿಂಪಿಕ್ಸ್‌ವರೆಗೂ ಒಂದು ಸುತ್ತು ಸೊನ್ನೆ–ಸೊನ್ನೆಯಾದರೆ ಚೀಲದೊಳಗಿನಿಂದ ಬಣ್ಣದ ಚೆಂಡೊಂದನ್ನು ಎತ್ತುತ್ತಿದ್ದರು; ಯಾರ ಬಣ್ಣ ಬಂತೋ ಅವನಿಗೆ ಎದುರಾಳಿಯ ಕಾಲು ಹಿಡಿಯುವ ಅನುಕೂಲ. ವರ್ಷಗಟ್ಟಲೆ ಬೆವರಿಳಿಸಿದವನ ಹಣೆಬರಹ ಚೀಲದಲ್ಲಿ! 2013ರಲ್ಲಿ ಅದನ್ನು ಕೈಬಿಟ್ಟರು. ಈಗ ಅಂಕ ಸಮವಾದರೆ ಮೊದಲು ಯಾರ ಪಟ್ಟು ದೊಡ್ಡದು, ಆಮೇಲೆ ಯಾರಿಗೆ ಎಚ್ಚರಿಕೆ ಕಡಿಮೆ, ಕೊನೆಗೆ ಕಡೆಯ ಅಂಕ ಯಾರದೆಂದು ನೋಡುತ್ತಾರೆ. 2021ರಲ್ಲಿ ಟೋಕಿಯೋದಲ್ಲಿ ನಮ್ಮ ಬಜರಂಗ್ ಪೂನಿಯಾ ಕಿರ್ಗಿಸ್ತಾನದವನೊಡನೆ 3–3 ಸಮನಾಗಿ, ಎರಡಂಕದ ಒಂದು ಪಟ್ಟಿನಿಂದ ಪಾರಾದ. ಅವನೂ 65 ಕಿಲೋದವನೇ ಎಂದು ಪತ್ರಿಕೆಯಲ್ಲಿ ಓದಿದಾಗ ನನ್ನ ಎದೆ ಸುಮ್ಮನೆ ಒಮ್ಮೆ ಬಡಿಯಿತು.

ಎಲ್ಲಕ್ಕಿಂತ ನನ್ನನ್ನು ತಟ್ಟಿದ್ದು ಅಮೆರಿಕದ ಹೈಸ್ಕೂಲುಗಳ ಪದ್ಧತಿ. ಅಲ್ಲಿ ಚಿತ್ ಮಾಡಿದರೆ ತಂಡಕ್ಕೆ 6 ಅಂಕ. ಎರಡು ಶಾಲೆಗಳ ಮೊತ್ತ ಸಮವಾದರೆ ಉದ್ದವಾದ ಏಣಿಯೊಂದನ್ನು ಹತ್ತುತ್ತಾರೆ: ಯಾರು ಹೆಚ್ಚು ಕುಸ್ತಿ ಗೆದ್ದರು, ಯಾರು ಹೆಚ್ಚು ಚಿತ್ ಮಾಡಿದರು, ಹೀಗೆ. ಕೊನೆಗೆ ಗೆದ್ದವರ ಮೊತ್ತಕ್ಕೆ ಒಂದು ಅಂಕ ಸೇರಿಸಿ ಗಂಟು ಬಿಡಿಸುತ್ತಾರೆ. ಆದರೆ ಆ ಏಣಿಯ ಮೊದಲ ಮೆಟ್ಟಿಲು ಯಾವುದು ಬಲ್ಲಿರಾ? ನಡತೆ. ಯಾವ ತಂಡ ಕ್ರೀಡೆಗೆ ಒಪ್ಪದ ನಡತೆಗಾಗಿ ದಂಡ ತೆತ್ತಿದೆಯೋ ಅದು ಅಲ್ಲಿಯೇ ಸೋತಂತೆ. ಬಲವನ್ನು ಅಳೆಯುವ ಮುಂಚೆ ನಡತೆಯನ್ನು ಅಳೆಯುತ್ತಾರೆ. ನಾನು ಯಾವ ನಿಯಮವನ್ನೂ ಮುರಿದಿರಲಿಲ್ಲ. ನನಗೆ ಅಲ್ಲಿಯೂ ದಂಡವಿಲ್ಲ. ಮ್ಯಾನೇಜರನ ಸಣ್ಣತನಕ್ಕೆ ಯಾವ ದೇಶದ ಪುಸ್ತಕದಲ್ಲಿಯೂ ಅಂಕ ಕಳೆಯುವುದಿಲ್ಲ. ಆದರೂ ಆ ಮೊದಲ ಮೆಟ್ಟಿಲಿನ ಮೇಲೆ ಕಾಲಿಡಲು ನನಗೆ ಧೈರ್ಯವಾಗಲಿಲ್ಲ.

ಭೀಮನೂ ಜರಾಸಂಧನೂ ದಿನಗಟ್ಟಲೆ ಸಮವಾಗಿ ಹೋರಾಡಿದಾಗ ಕೃಷ್ಣ ಹೊರಗೆ ನಿಂತು ಕಡ್ಡಿಯೊಂದನ್ನು ಸೀಳಿ ತೋರಿಸಿದನೆಂಬ ಕಥೆಯನ್ನು ಎಲ್ಲರೂ ಬಲ್ಲಿರಿ. ಸಮಬಲವನ್ನು ಮುರಿಯುವವನು ಬಹುಮಟ್ಟಿಗೆ ಕಣದ ಹೊರಗೇ ಇರುತ್ತಾನೆ. ಆ ದಿನ ಕಡ್ಡಿ ಸೀಳಿದವನು ನಾನು. ಆದರೆ ಕೃಷ್ಣನಿಗಿದ್ದಂಥ ಧರ್ಮಕಾರಣ ನನಗಿರಲಿಲ್ಲ. ಪ್ರಾಚಾರ್ಯರ ಶಹಬ್ಬಾಸಿನ ಆಸೆಯಿತ್ತು, ಅಷ್ಟೆ.

ಮರುವರ್ಷ, ಅಂದರೆ 2019ರಲ್ಲಿ, ನಮ್ಮ ಹತ್ತಿರದ ಹಳ್ಳಿಯೊಂದರ ಜಾತ್ರೆ. ಅರವತ್ತೈದು ಮನೆಗೆ ಬಂದು, “ಸರ, ಕುಸ್ತಿ ನೋಡಾಕ ಬರಬೇಕ್ರಿ” ಎಂದು ಒತ್ತಾಯಮಾಡಿದ. ಹೋದೆ. ಹಲಗೆ ಬಾರಿಸಿತು. ನಮ್ಮವನ ಎದುರು ಕಣಕ್ಕಿಳಿದವನನ್ನು ನೋಡಿ ನನ್ನ ಬಾಯಿ ಒಣಗಿತು. ಅದೇ ಹುಡುಗ! ಇವನೇ ಅವನ ತಾಲೀಮಿಗೆ ಹೇಳಿಕಳುಹಿಸಿ ಜೋಡಿ ಕಟ್ಟಿಸಿದ್ದನಂತೆ.

ಹತ್ತು ನಿಮಿಷ ಕುಸ್ತಿ ನಡೆದಿರಬಹುದು. ಕೊನೆಗೆ ಆ ಹುಡುಗ ಒಮ್ಮೆ ಸೊಂಟಕ್ಕೆ ಕೈಹಾಕಿ ತಿರುವಿದ. ನಮ್ಮ ಅರವತ್ತೈದನ ಬೆನ್ನು ಮಣ್ಣಿಗೆ ತಾಗಿತು. ಚಿತ್. ಜನ ರುಮಾಲು ಹಾರಿಸಿದರು. ಬಿದ್ದವನು ಎದ್ದ, ಗೆದ್ದವನನ್ನು ತಬ್ಬಿಕೊಂಡು ಮೇಲೆತ್ತಿದ.

ನಾನು ನಿಧಾನವಾಗಿ ಆ ಹುಡುಗನ ಬಳಿ ಹೋದೆ. “ತಮ್ಮಾ, ಅವತ್ತು ಬ್ಯಾಡ ಅಂದಾಂವ ನಾನs” ಎಂದೆ.

“ಗೊತ್ತೈತ್ರಿ ಸರ. ತಡಾ ಮಾಡಿ ಬಂದಾಂವ ನಾನs ಅಲ್ರೀ? ನಿಮ್ಮದೇನು ತಪ್ಪು?” ಎಂದು ಬಗ್ಗಿ ನನ್ನ ಕಾಲು ಮುಟ್ಟಿದ. ಅವನು ಬೈದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಅಷ್ಟರಲ್ಲಿ ಅರವತ್ತೈದು ಮೈಮೇಲಿನ ಮಣ್ಣು ಕೊಡವಿಕೊಳ್ಳುತ್ತ ಬಂದ. ಆ ಢಾಲು ಬಂದ ದಿನ ಕಾಣದಿದ್ದ ನಗು ಅವನ ಮುಖದ ತುಂಬ ಇತ್ತು.

“ಸರ,” ಎಂದ, “ಈಗ ಬರೋಬರಿ ಆತ್ ನೋಡ್ರಿ.”

ಢಾಲು ಇಂದಿಗೂ ಪ್ರಾಚಾರ್ಯರ ಕೋಣೆಯ ಕಪಾಟಿನಲ್ಲಿದೆ. ಅದನ್ನು ಕಂಡಾಗಲೆಲ್ಲ ಆ ಮಾತು ಕಿವಿಯಲ್ಲಿ ಮೊಳಗುತ್ತದೆ. ಅವನು ಯಾವ ಅರ್ಥದಲ್ಲಿ ಹೇಳಿದನೆಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ.